ಗುಜರಿ ಪಂಪ್ ಎಂಜಿನ್‌ಗೆ ಉದ್ದ ಬಾಲ ಕಟ್ಟಿದರೆ ಒಂದಡಿ ನೀರಲ್ಲಿ ದೋಣಿ ಓಡುತ್ತಾ?

ಕೆಸರು_ಕಾಲು
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 14 ಅಡಿ ಉದ್ದದ, ಚಪ್ಪಟೆ ತಳದ ಪ್ಲೈವುಡ್ ದೋಣಿ ಇದೆ. ನಾನು ಓಡಾಡುವುದು ಹೆಸರಿಗೆ ಮಾತ್ರ ನೀರು. ಬಹಳಷ್ಟು ಕಡೆ ಒಂದಡಿ ಆಳವೂ ಇಲ್ಲ. ಕೆಳಗೆ ಕೆಸರು, ಮೇಲೆ ಜೊಂಡು. ಒಮ್ಮೆ ಸ್ನೇಹಿತರ ಔಟ್‌ಬೋರ್ಡ್ (ದೋಣಿಯ ಹಿಂದೆ ತಗುಲಿಸುವ ಮೋಟಾರ್) ತಂದು ಹಾಕಿದೆ. ಹತ್ತೇ ನಿಮಿಷಕ್ಕೆ ಅದು ನೀರೆಳೆಯುವ ತೂತಿನಲ್ಲಿ ಕೆಸರು ತುಂಬಿ, ಬಿಸಿಯಾಗಿ ನಿಂತುಹೋಯಿತು. ವಾಪಸ್ ಬಂದಿದ್ದು ಬಿದಿರು ಗಳ ಊರಿಕೊಂಡು. ಒಳಗೆ ನೀರೆಳೆಯುವ ಚಕ್ರ, ಇಂಪೆಲ್ಲರ್, ಹಾಳಾಯಿತು ಅಂತ ಅವರು ಇನ್ನೂ ನನ್ನ ಹತ್ತಿರ ಸರಿಯಾಗಿ ಮಾತಾಡುತ್ತಿಲ್ಲ.

ಈಗ ಗುಜರಿಯಲ್ಲಿ ಒಂದು 196 ಸಿಸಿ ಪೆಟ್ರೋಲ್ ಎಂಜಿನ್ ಸಿಕ್ಕಿದೆ. ಮೊದಲು ನೀರಿನ ಪಂಪ್‌ಗೆ ಜೋಡಿಸಿದ್ದರಂತೆ. ಹಗ್ಗ ಎಳೆದರೆ ಸ್ಟಾರ್ಟ್ ಆಗುತ್ತದೆ. ಇದಕ್ಕೆ 1.2 ಮೀಟರ್ ಶಾಫ್ಟ್ ಜೋಡಿಸಿ, ಮೇಲೆ ಒಂದು ಪೈಪ್ ಹಾಕಿ, ತುದಿಗೆ ಹಳೇ ಔಟ್‌ಬೋರ್ಡ್‌ನ ಪ್ರೊಪೆಲ್ಲರ್ ಸಿಕ್ಕಿಸಬೇಕು ಅಂತಿದ್ದೇನೆ. ವೆಲ್ಡಿಂಗ್ ನನಗೇ ಬರುತ್ತದೆ. ಕೈಯಲ್ಲಿ ದುಡ್ಡು ಕಮ್ಮಿ, ಸಮಯ ಜಾಸ್ತಿ. ಯಾರಾದರೂ ಮಾಡಿದ್ದೀರಾ? ಎಲ್ಲಿ ಎಡವುತ್ತೇನೆ ಅಂತ ಮೊದಲೇ ಹೇಳಿಬಿಡಿ.

ಹರಿಗೋಲು
ಮಾಡಿದ್ದೇನೆ. ಎಡವಿದ್ದೇನೆ. ಆದರೂ ಮಾಡಿ.

ಹಳೇ_ಅಂಬಿಗ
ಇದು ಹೊಸ ವಿದ್ಯೆ ಏನಲ್ಲ. ಥಾಯ್ಲೆಂಡ್‌ನಲ್ಲಿ ಇಂಥ ದೋಣಿಗೆ 'ರುವಾ ಹಾಂಗ್ ಯಾವ್' ಅಂತಾರೆ. ಉದ್ದ ಬಾಲದ ದೋಣಿ ಅಂತಲೇ ಅರ್ಥ. ಅಲ್ಲಿ ಕಾರಿನ ಎಂಜಿನ್ನನ್ನೇ ಹಿಂದುಗಡೆ ಒಂದು ಗೂಟದ ಮೇಲೆ ಕೂರಿಸಿ ತಿರುಗಿಸುತ್ತಾರೆ. ನಿಮ್ಮದು ಅದರ ಮರಿ ಅಷ್ಟೇ.

ಗಾಳಿಯಿಂದ ತಣ್ಣಗಾಗುವ ಎಂಜಿನ್ ಆದ್ದರಿಂದ ನೀರೆಳೆಯುವ ತೂತೇ ಇಲ್ಲ. ಕೆಸರು ಕಟ್ಟಿಕೊಳ್ಳುವ ಪ್ರಶ್ನೆಯೂ ಇಲ್ಲ. ಹಾಗಾಗಿ ಯೋಚನೆ ಸರಿಯಾಗಿದೆ. ಆದರೆ 1.2 ಮೀಟರ್ ಶಾಫ್ಟ್ ಅಂದಿರಲ್ಲ, ಅದು ಬಾಲ ಅಲ್ಲ, ಮೊಟಕು.

ನಟ್ಟು_ಬೋಲ್ಟು
ಮೊದಲು ಎಂಜಿನ್ ಶಾಫ್ಟ್ ಹೇಗಿದೆ ನೋಡಿ ಗುರು. ಪಂಪ್‌ನಿಂದ ಬಿಚ್ಚಿದ ಎಂಜಿನ್‌ಗಳಲ್ಲಿ ಕೆಲವಕ್ಕೆ ತುದಿಯಲ್ಲಿ ಬೋಲ್ಟಿಗಿರುವಂಥ ಮರೆ (ಥ್ರೆಡ್) ಇರುತ್ತದೆ, ಉದ್ದವೂ ಗಿಡ್ಡ. ಜನರೇಟರ್‌ನದ್ದಾದರೆ ಮೊನೆಯ ಕಡೆಗೆ ಸಪೂರ ಆಗುತ್ತಾ ಹೋಗುತ್ತದೆ. ಎರಡಕ್ಕೂ ಕಪ್ಲಿಂಗ್ (ಎರಡು ಶಾಫ್ಟ್ ಸೇರಿಸುವ ಜೋಡಣೆ) ಕೂರಿಸುವುದು ತಲೆನೋವು. ನಿಮಗೆ ಬೇಕಾಗಿರುವುದು ಮುಕ್ಕಾಲು ಇಂಚಿನ, ಅಂದರೆ 19 ಮಿ.ಮೀ. ನೇರ ಶಾಫ್ಟ್, ಪಕ್ಕದಲ್ಲಿ ಕೀ (ಕಪ್ಲಿಂಗ್ ಜಾರದಂತೆ ಹಿಡಿಯುವ ಸಣ್ಣ ಲೋಹದ ತುಂಡು) ಕೂರುವ ಗೀರು ಇರುವಂಥದ್ದು.

ಕೆಸರು_ಕಾಲು
ಈಗ ತಾನೇ ಹೋಗಿ ನೋಡಿದೆ. ನೇರ ಇದೆ, ಗೀರೂ ಇದೆ. ಕೀ ಮಾತ್ರ ಇಲ್ಲ 🙂

ಆದರೆ 1.2 ಮೀಟರ್ ಯಾಕೆ ಆಗಲ್ಲ? ಶಾಫ್ಟ್ ಗಿಡ್ಡ ಆದಷ್ಟೂ ಅಲುಗಾಟ ಕಮ್ಮಿ, ಖರ್ಚೂ ಕಮ್ಮಿ ಅಲ್ವಾ?

ಲೆಕ್ಕದ_ಮೇಷ್ಟ್ರು
ಕಾಗದ ಪೆನ್ನು ತಗೊಳ್ಳಿ. ನಿಮ್ಮ ಎಂಜಿನ್ ಕೂರುವ ಗೂಟ ನೀರಿನಿಂದ 40 ಸೆಂ.ಮೀ. ಮೇಲೆ ಇದೆ ಅಂದುಕೊಳ್ಳೋಣ. ಪ್ರೊಪೆಲ್ಲರ್ ನೀರಿನಿಂದ 15 ಸೆಂ.ಮೀ. ಕೆಳಗೆ. ಒಟ್ಟು ಇಳಿಜಾರು 55 ಸೆಂ.ಮೀ. ಗೂಟದಿಂದ ಪ್ರೊಪೆಲ್ಲರ್‌ವರೆಗೆ 1.2 ಮೀಟರ್ ಆದರೆ ಶಾಫ್ಟ್ 27 ಡಿಗ್ರಿ ವಾಲಿರುತ್ತದೆ. 1.5 ಮೀಟರ್‌ಗೆ 21 ಡಿಗ್ರಿ ದಾಟುತ್ತದೆ. 1.8 ಮೀಟರ್ ಮಾಡಿದರೆ 18ರ ಹತ್ತಿರ ಬರುತ್ತದೆ.

ವಾಲಿದರೆ ಏನಾಯ್ತು ಅಂತ ಕೇಳಬಹುದು. ಪ್ರೊಪೆಲ್ಲರ್ ತಳ್ಳುವುದು ಶಾಫ್ಟ್ ಇರುವ ದಿಕ್ಕಿಗೆ. 27 ಡಿಗ್ರಿಯಲ್ಲಿ ಅದರ ಬಲದಲ್ಲಿ ಶೇ. 45ರಷ್ಟು ದೋಣಿಯ ಹಿಂಭಾಗವನ್ನು ಮೇಲಕ್ಕೆ ಎತ್ತುತ್ತಿರುತ್ತದೆ. ಹಿಂದೆ ಎದ್ದರೆ ಮುಂದೆ ಮೂತಿ ಮುಳುಗುತ್ತದೆ. ಚಪ್ಪಟೆ ತಳದ ದೋಣಿಗೆ ಅದು ಆಗಿಬರೋದಿಲ್ಲ.

ಇನ್ನೊಂದು ವಿಷಯ. ಶಾಫ್ಟ್ ವಾಲಿದಷ್ಟೇ ಎಂಜಿನ್ನೂ ವಾಲುತ್ತದೆ. ಈ ಬಗೆಯ ಸಣ್ಣ ಎಂಜಿನ್‌ಗಳಲ್ಲಿ ಆಯಿಲ್ ಪಂಪ್ ಇರುವುದಿಲ್ಲ. ಒಳಗೆ ಆಯಿಲ್ ಎರಚಿಕೊಂಡೇ ಎಲ್ಲ ಕಡೆ ತಲುಪಬೇಕು. 20 ಡಿಗ್ರಿಗಿಂತ ಜಾಸ್ತಿ ವಾಲಿಸಿ ಓಡಿಸಬೇಡಿ.

ಸುಮ್ನೆ_ಓದುಗ
ಮೇಷ್ಟ್ರೇ, ನಿಮ್ಮ ಪಾಠ ಕೇಳಿ ನಾನು ದೋಣಿ ಇಲ್ಲದೇನೇ ಶಾಫ್ಟ್ ಅಳೆಯೋಕೆ ಹೊರಟೆ.

ಬ್ಯಾಟರಿ_ಪ್ರಿಯ
ಇಷ್ಟೆಲ್ಲ ಒದ್ದಾಟ ಯಾಕೆ? ಒಂದು ಎಲೆಕ್ಟ್ರಿಕ್ ಟ್ರೋಲಿಂಗ್ ಮೋಟಾರ್ ತಗೊಳ್ಳಿ. ಶಬ್ದ ಇಲ್ಲ, ಹೊಗೆ ಇಲ್ಲ, ವೆಲ್ಡಿಂಗ್ ಇಲ್ಲ.

ಹರಿಗೋಲು
ಅದಕ್ಕೆ ಎಷ್ಟು ನೀರು ಬೇಕು ಸಾರ್? ಮೋಟಾರ್ ಪೂರ್ತಿ ನೀರೊಳಗೆ ಇಳಿಯಬೇಕು. ಒಂದಡಿ ನೀರಲ್ಲಿ ಅದು ಕೆಸರು ಕಲಸುವ ಯಂತ್ರ ಆಗುತ್ತೆ. ಜೊಂಡು ಸುತ್ತಿಕೊಂಡರೆ ಪ್ರತಿ ಐದು ನಿಮಿಷಕ್ಕೆ ಎತ್ತಿ ಬಿಡಿಸಬೇಕು.

ಬ್ಯಾಟರಿ_ಪ್ರಿಯ
ಕಳೆಯನ್ನು ಹಿಂದಕ್ಕೆ ಜಾರಿಸುವ ಪ್ರೊಪೆಲ್ಲರ್ ಸಿಗುತ್ತದೆ. ನಾನು ಎರಡು ವರ್ಷದಿಂದ ಓಡಿಸ್ತಾ ಇದ್ದೀನಿ.

ಲೆಕ್ಕದ_ಮೇಷ್ಟ್ರು
ಬ್ಯಾಟರಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. 55 ಪೌಂಡ್ ತಳ್ಳುವ 12 ವೋಲ್ಟ್ ಮೋಟಾರ್ ಪೂರ್ತಿ ಬಿಟ್ಟರೆ ಸುಮಾರು 50 ಆಂಪಿಯರ್ ಎಳೆಯುತ್ತದೆ. 100 ಆಂಪಿಯರ್-ಅವರ್‌ನ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯಸ್ಸು ಬೇಗ ಮುಗಿಯುತ್ತದೆ. ಅಲ್ಲಿಗೆ ಒಂದು ಗಂಟೆ. ಒಂದು ಲೀಟರ್ ಪೆಟ್ರೋಲ್ ತೂಕ ಮುಕ್ಕಾಲು ಕಿಲೋ. ಆ ಬ್ಯಾಟರಿ ಎತ್ತಿ ನೋಡಿ, ಆಮೇಲೆ ಮಾತಾಡೋಣ.

ಬ್ಯಾಟರಿ_ಪ್ರಿಯ
ನಿಧಾನಕ್ಕೆ ಓಡಿಸಿದರೆ ನಾಲ್ಕು ಗಂಟೆ ಬರುತ್ತೆ. ಮೀನಿಗೆ ಗಾಳ ಹಾಕೋಕೆ ಅದೇ ಸಾಕು. ಎಲ್ಲರಿಗೂ ರೇಸ್ ಬೇಕಿಲ್ಲ. ಇಲ್ಲಿಗೆ ಬಿಟ್ಟೆ.

ಹುಲ್ಲು_ಕತ್ತರಿ
ಬಜೆಟ್ ಅಂದರೆ ನನ್ನದು ಕೇಳಿ. ಕೆಟ್ಟುಹೋದ ಹುಲ್ಲು ಕತ್ತರಿಸುವ ಯಂತ್ರ, 52 ಸಿಸಿ ಟೂ-ಸ್ಟ್ರೋಕ್. ಉದ್ದ ಪೈಪ್ ಇದೆ, ಒಳಗೆ ಶಾಫ್ಟ್ ಇದೆ, ಕ್ಲಚ್ ಕೂಡ ಇದೆ. ಬ್ಲೇಡ್ ಜಾಗದಲ್ಲಿ ಸಣ್ಣ ಪ್ರೊಪೆಲ್ಲರ್ ಹಾಕಿದೆ. ಒಬ್ಬರು ಕೂರುವ ದೋಣಿಗೆ ಧಾರಾಳ. ಒಂದೇ ಮಧ್ಯಾಹ್ನದ ಕೆಲಸ.

ನಟ್ಟು_ಬೋಲ್ಟು
ಎಷ್ಟು ದಿನ ಬಂತು?

ಹುಲ್ಲು_ಕತ್ತರಿ
ಒಂದು ತಿಂಗಳು. ತುದಿಯ ಗೇರ್ ಡಬ್ಬಿ ಹುಲ್ಲಿಗಾಗಿ ಮಾಡಿದ್ದು, ನೀರಿಗಲ್ಲ. ಒಳಗೆ ನೀರು ಹೋಗಿ ಗ್ರೀಸ್ ಮಜ್ಜಿಗೆ ಥರ ಆಯಿತು, ಆಮೇಲೆ ಗೇರ್ ಸವೆಯಿತು. ಈಗ ಪ್ರತಿ ಸಲ ಬಂದ ಮೇಲೆ ಹಳೇ ಗ್ರೀಸ್ ತೆಗೆದು ಹೊಸದು ತುಂಬುತ್ತೇನೆ. ಎರಡನೇ ಡಬ್ಬಿ ಇನ್ನೂ ಇದೆ. 14 ಅಡಿ ದೋಣಿಗೆ, ಮೇಲೆ ಸಾಮಾನೂ ಇದ್ದರೆ, ನಾನೇ ಬೇಡ ಅನ್ನುತ್ತೇನೆ.

ಲೇತ್_ಹುಡುಗ
ಮೇಷ್ಟ್ರು ಉದ್ದ ಮಾಡಿ ಅಂದರು, ಸರಿ. ಆದರೆ ಉದ್ದ ಮಾಡಿದರೆ ಬರುವ ಕಷ್ಟವನ್ನೂ ಹೇಳಬೇಕಲ್ಲ. 19 ಮಿ.ಮೀ. ಸರಳು, 1.8 ಮೀಟರ್ ಉದ್ದ, ಎರಡು ತುದಿಯಲ್ಲಿ ಮಾತ್ರ ಆಸರೆ ಇದೆ ಅಂದುಕೊಳ್ಳಿ. ಸುಮಾರು 700 ಆರ್‌ಪಿಎಂಗೇ (ನಿಮಿಷಕ್ಕೆ ಅಷ್ಟು ಸುತ್ತು) ಅದು ಹಗ್ಗ ತಿರುಗಿಸಿದ ಹಾಗೆ ಬಳುಕಲು ಶುರುವಾಗುತ್ತದೆ. ನಿಮ್ಮ ಎಂಜಿನ್ ಪೂರ್ತಿ ಬಿಟ್ಟರೆ 3600 ಓಡುತ್ತದೆ.

ಮಧ್ಯೆ ಒಂದು ಬುಶ್ (ಶಾಫ್ಟ್‌ಗೆ ಆಸರೆ ಕೊಡುವ ಬಳೆ) ಹಾಕಿದರೆ ಸಾಕು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆಗ ಆ ಸಂಖ್ಯೆ 2800ರ ಹತ್ತಿರ ಬಂದು ಕೂರುತ್ತದೆ. ನೀವು ದಿನವಿಡೀ ಓಡಿಸುವ ವೇಗವೇ ಅದು! ಒಂದು ಬುಶ್ ಹಾಕಿ ನಡುಗಿಸಿಕೊಂಡು, ಪ್ರೊಪೆಲ್ಲರ್ ಸರಿಯಿಲ್ಲ ಅಂತ ಅದನ್ನು ಬದಲಿಸಿದವರನ್ನು ನೋಡಿದ್ದೇನೆ. ಮಧ್ಯೆ ಎರಡು ಬುಶ್ ಹಾಕಿ, ಸಮನಾಗಿ ಮೂರು ಭಾಗ ಮಾಡಿ. ಆಗ 6000 ದಾಟುತ್ತದೆ, ಚಿಂತೆ ಇಲ್ಲ.

ಹೊರಗಿನ ಪೈಪ್ ನೆಟ್ಟಗಿರಬೇಕು. ವೆಲ್ಡಿಂಗ್ ನನಗೆ ಬರುತ್ತೆ ಅಂದಿರಿ, ಅಲ್ಲೇ ನನಗೆ ಭಯ. ಒಂದೇ ಕಡೆ ಉದ್ದಕ್ಕೆ ವೆಲ್ಡ್ ಎಳೆದರೆ ಪೈಪ್ ಬಾಳೆಹಣ್ಣಿನ ಹಾಗೆ ಬಾಗುತ್ತದೆ. ಸಣ್ಣ ಸಣ್ಣ ಚುಕ್ಕೆ ಹಾಕಿ, ಒಮ್ಮೆ ಈ ಕಡೆ ಒಮ್ಮೆ ಆ ಕಡೆ, ನಡುವೆ ತಣಿಯಲು ಬಿಡಿ.

ಕೆಸರು_ಕಾಲು
ಬುಶ್‌ಗೆ ನೈಲಾನ್ ಸರಳು ಇದೆ ನನ್ನ ಹತ್ತಿರ. ಕೊರೆದು ಹಾಕಬಹುದಾ? ಅದು ಪುಕ್ಕಟೆ.

ನೀರುಕೋಳಿ
ಬೇಡ ಬೇಡ ಬೇಡ. ನಾನೂ ಇದೇ ಮಾಡಿದ್ದೆ. ಹೊಸದರಲ್ಲಿ ಶಾಫ್ಟ್ ಬೆಣ್ಣೆ ಹಾಗೆ ತಿರುಗುತ್ತಿತ್ತು. ಎರಡು ದಿನ ನೀರಲ್ಲಿ ಬಿಟ್ಟಿದ್ದೆ. ಮೂರನೇ ದಿನ ಹಗ್ಗ ಎಳೆದರೆ ಎಂಜಿನ್ ಅಲುಗಲೇ ಇಲ್ಲ. ಎಂಜಿನ್ನೇ ಹಿಡಿದುಕೊಂಡಿತು ಅಂತ ಪ್ಲಗ್ ಬಿಚ್ಚಿ, ಕಾರ್ಬುರೇಟರ್ ಬಿಚ್ಚಿ, ನಮ್ಮನೆಯವರ ಹತ್ತಿರ ಬೈಸಿಕೊಂಡು, ಕೊನೆಗೆ ಕಪ್ಲಿಂಗ್ ಬಿಚ್ಚಿದಾಗ ಗೊತ್ತಾಯಿತು. ನೈಲಾನ್ ನೀರು ಕುಡಿದು ಉಬ್ಬುತ್ತದೆ. ಶಾಫ್ಟ್ ಅದರೊಳಗೆ ಬಿಗಿಯಾಗಿ ಕೂತಿತ್ತು.

ಆಮೇಲೆ ಕೆಳಗಿನ ತುದಿಗೆ ಕಂಚಿನ ಬುಶ್ ಹಾಕಿಸಿದೆ, ಮಧ್ಯದ ಎರಡಕ್ಕೆ ಅಸಿಟಲ್ ಅನ್ನುವ ಗಟ್ಟಿ ಪ್ಲಾಸ್ಟಿಕ್. ಅಸಿಟಲ್ ನೀರು ಕುಡಿಯೋದು ತುಂಬಾ ಕಮ್ಮಿ. ಇವತ್ತಿಗೂ ಓಡುತ್ತಿದೆ.

ಹರಿಗೋಲು
ಮೇಡಂ ಹೇಳಿದ್ದು ನಿಜ. ನನ್ನದು ಇನ್ನೂ ಚೆಂದ. ಕಟ್ಟಿದ ಖುಷಿಗೆ ಅಂಗಳದಲ್ಲೇ ಸ್ಟಾರ್ಟ್ ಮಾಡಿ ಅಕ್ಕಪಕ್ಕದವರಿಗೆ ತೋರಿಸಿದೆ. ಐದು ನಿಮಿಷ, ನೀರಿಲ್ಲದೆ, ಗ್ರೀಸ್ ಇಲ್ಲದೆ. ಬುಶ್ ಕರಗಿ ಶಾಫ್ಟ್‌ಗೆ ಅಂಟಿಕೊಂಡಿತು. ಚಪ್ಪಾಳೆ ಮಾತ್ರ ಜೋರಾಗಿ ಬಿತ್ತು.

ನಟ್ಟು_ಬೋಲ್ಟು
ಪೈಪ್‌ಗೆ ಗ್ರೀಸ್ ನಿಪ್ಪಲ್ ಹಾಕಿ, ಕೆಳಗಿನ ತುದಿಗೆ ಆಯಿಲ್ ಸೀಲ್. ಒಂದರ ಹಿಂದೆ ಒಂದು, ಎರಡು ಸೀಲ್ ಇದ್ದರೆ ಒಳ್ಳೇದು. ಹೊರಗಿನ ಸೀಲ್‌ನ ತುಟಿ ಹೊರಕ್ಕೆ ಮುಖ ಮಾಡಿರಲಿ, ಕೆಸರು ತಡೆಯುವುದು ಅದೇ. ನೀರಿಗೆ ತೊಳೆದುಹೋಗದ ಗ್ರೀಸ್ ಹಾಕಿ, ಸಿಕ್ಕಿದ್ದನ್ನು ತುಂಬಬೇಡಿ.

ಇನ್ನು ಯಾರೂ ಹೇಳದ ಒಂದು ಮಾತು. ಪ್ರೊಪೆಲ್ಲರ್ ದೋಣಿಯನ್ನು ಮುಂದಕ್ಕೆ ತಳ್ಳುವಾಗ ಶಾಫ್ಟ್ ಎಂಜಿನ್ ಕಡೆಗೆ ಒತ್ತುತ್ತದೆ. ಆ ಒತ್ತಡ ಎಲ್ಲ ಎಂಜಿನ್ನಿನ ಸ್ವಂತ ಶಾಫ್ಟ್ ಆದ ಕ್ರ್ಯಾಂಕ್‌ನ ಬೇರಿಂಗ್ ಮೇಲೆ ಬಿದ್ದರೆ ಎಂಜಿನ್ ಬಾಳಿಕೆ ಬರಲ್ಲ. ಪೈಪ್‌ನ ಮೇಲಿನ ತುದಿಯಲ್ಲಿ ಒಂದು ಒಳ್ಳೇ ಬೇರಿಂಗ್ ಹಾಕಿ, ಶಾಫ್ಟ್‌ಗೆ ಕಾಲರ್ ಬಿಗಿದು, ಒತ್ತಡ ಅಲ್ಲೇ ನಿಲ್ಲುವ ಹಾಗೆ ಮಾಡಿ. ಎಂಜಿನ್‌ಗೂ ಶಾಫ್ಟ್‌ಗೂ ಮಧ್ಯೆ ರಬ್ಬರ್ ನಕ್ಷತ್ರ ಇರುವ ಕಪ್ಲಿಂಗ್ ಹಾಕಿ, ನಡುವೆ ಕೂದಲೆಳೆ ಜಾಗ ಬಿಡಿ. ಕೂದಲೆಳೆಯಷ್ಟು ಓರೆ ಇದ್ದರೂ ಅದು ನುಂಗಿಕೊಳ್ಳುತ್ತದೆ.

ಲೇತ್_ಹುಡುಗ
+1. ಫ್ರೇಮ್, ಹ್ಯಾಂಡಲ್, ಗೂಟ ಎಲ್ಲ ಗುಜರಿಯಲ್ಲಿ ಮಾಡಿ, ಬೇಡ ಅನ್ನಲ್ಲ. ಶಾಫ್ಟ್, ಬುಶ್, ಬೇರಿಂಗ್ ಈ ಮೂರಕ್ಕೆ ಜಿಪುಣತನ ಮಾಡಬೇಡಿ. ತುಕ್ಕು ಹಿಡಿಯದ ಉಕ್ಕಿನ ನೆಟ್ಟನೆ ಸರಳು ತಗೊಳ್ಳಿ. ಕಟ್ಟಡಕ್ಕೆ ಹಾಕುವ ಕಂಬಿ ತಂದು ಲೇತ್ ಮುಂದೆ ಇಡುವವರನ್ನು ಕಂಡರೆ ನನಗೆ ಅಳು ಬರುತ್ತೆ.

ಕೆಸರು_ಕಾಲು
ಸರಿ ಸರಿ, ಕಂಬಿ ವಾಪಸ್ ಇಟ್ಟೆ (ನಿಜವಾಗಲೂ ತೆಗೆದಿಟ್ಟಿದ್ದೆ). ಹಾಗಾದರೆ ಔಟ್‌ಬೋರ್ಡ್‌ನ ಹಳೇ ಪ್ರೊಪೆಲ್ಲರ್?

ಹಳೇ_ಅಂಬಿಗ
ಅದೇ ಕೇಳಬೇಕು ಅಂತಿದ್ದೆ. ಹಾಕಿದರೆ ದೋಣಿ ಹಿಂದಕ್ಕೆ ಓಡುತ್ತದೆ.

ಕೆಸರು_ಕಾಲು
ಹ್ಞಾಂ? ತಮಾಷೆ ಅಲ್ಲ ತಾನೇ?

ಹಳೇ_ಅಂಬಿಗ
ತಮಾಷೆ ಅಲ್ಲ. ಎಂಜಿನ್‌ನ ಶಾಫ್ಟ್ ತುದಿಗೆ ಎದುರಾಗಿ ನಿಂತು ನೋಡಿ. ಗಡಿಯಾರದ ಮುಳ್ಳಿಗೆ ವಿರುದ್ಧ ತಿರುಗುತ್ತದೆ. ದೋಣಿಯ ಹಿಂದೆ ನಿಂತವನಿಗೆ ಪ್ರೊಪೆಲ್ಲರ್ ಕಾಣುವುದೂ ಹಾಗೇ. ಸಾಮಾನ್ಯ ಔಟ್‌ಬೋರ್ಡ್ ಪ್ರೊಪೆಲ್ಲರ್ ಮುಂದೆ ಹೋಗುವಾಗ ಗಡಿಯಾರದ ಮುಳ್ಳಿನ ಹಾಗೆ ತಿರುಗಬೇಕು. ಎರಡೂ ಉಲ್ಟಾ. ನಿಮಗೆ ಎಡಗೈ ಪ್ರೊಪೆಲ್ಲರ್ ಬೇಕು.

ನನ್ನ ಭಾವಮೈದ ಇದನ್ನು ನಂಬದೆ ಹಾಕಿ, ದಡಕ್ಕೆ ಬೆನ್ನು ಕೊಟ್ಟು ಕೂತು, ಹಗ್ಗ ಎಳೆದ. ದೋಣಿ ಹಿಂದಕ್ಕೆ ಚಿಮ್ಮಿ ದಡ ಏರಿತು. ಈಗಲೂ ಮನೆಯಲ್ಲಿ ಅವನಿಗೆ 'ರಿವರ್ಸ್' ಅಂತಲೇ ಹೆಸರು.

ಸುಮ್ನೆ_ಓದುಗ
ಪ್ರೊಪೆಲ್ಲರನ್ನು ತಿರುಗಿಸಿ, ಹಿಂದು ಮುಂದಾಗಿ ಹಾಕಿದರೆ ಸರಿಹೋಗಲ್ವಾ?

ಲೆಕ್ಕದ_ಮೇಷ್ಟ್ರು
ಹೋಗಲ್ಲ. ಎಡಕ್ಕೆ ಸುತ್ತಿದ ಸ್ಕ್ರೂವನ್ನು ಯಾವ ಕಡೆಯಿಂದ ನೋಡಿದರೂ ಅದು ಎಡಕ್ಕೇ ಸುತ್ತಿರುತ್ತದೆ. ಒಂದು ಬೋಲ್ಟ್ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ.

ಸುಮ್ನೆ_ಓದುಗ
ನೋಡಿದೆ. ನಿಜ. ತಲೆ ತಿರುಗಿತು.

ವೇಗದೂತ
ನನ್ನ ಇಂಥದ್ದೇ ಮೋಟಾರ್ ಗಂಟೆಗೆ 30 ಕಿ.ಮೀ. ಹೋಗುತ್ತೆ. 5 ಇಂಚು ಪಿಚ್ ಪ್ರೊಪೆಲ್ಲರ್. ಅದನ್ನೇ ಹಾಕಿ.

ಲೆಕ್ಕದ_ಮೇಷ್ಟ್ರು
ಪಿಚ್ ಅಂದರೆ ಪ್ರೊಪೆಲ್ಲರ್ ಒಂದು ಸುತ್ತಿಗೆ ಮುಂದೆ ಸಾಗಬೇಕಾದ ದೂರ. 5 ಇಂಚು ಅಂದರೆ 12.7 ಸೆಂ.ಮೀ. ನಿಮಿಷಕ್ಕೆ 3600 ಸುತ್ತು. ನೀರು ಒಂಚೂರೂ ಜಾರದೆ ಇದ್ದರೂ ಗಂಟೆಗೆ 27.4 ಕಿ.ಮೀ. ಆಯಿತು. ನಿಮ್ಮದು ನೀರಿಗಿಂತ ಮುಂದೆ ಓಡುತ್ತಿದೆ. ಇಂಥ ಮೋಟಾರ್‌ನಲ್ಲಿ ಮೂರನೇ ಒಂದು ಭಾಗವೋ ಅದಕ್ಕಿಂತ ಜಾಸ್ತಿಯೋ ಜಾರುವಿಕೆಯಲ್ಲೇ ಹೋಗುತ್ತದೆ.

ನೀರನ್ನು ಸೀಳಿಕೊಂಡೇ ಹೋಗುವ 14 ಅಡಿ ದೋಣಿಗೆ 5 ನಾಟ್, ಅಂದರೆ 9 ಕಿ.ಮೀ. ಆಸುಪಾಸಿನಲ್ಲಿ ಒಂದು ಗೋಡೆ ಇದೆ. ತನ್ನದೇ ಅಲೆಯನ್ನು ತಾನೇ ಹತ್ತಬೇಕಾಗುತ್ತದೆ. ಹಗುರ ದೋಣಿ, ಒಬ್ಬರೇ ಇದ್ದರೆ ನೀರ ಮೇಲೆ ಎದ್ದು ಅದನ್ನು ದಾಟಬಹುದು. ಇಬ್ಬರು, ಬಲೆ, ಬುಟ್ಟಿ ಅಂದರೆ ಮರೆತುಬಿಡಿ.

ವೇಗದೂತ
ಫೋನ್‌ನಲ್ಲಿ ತೋರಿಸಿತ್ತು ಸಾರ್. ಹೊಳೆ ಇಳಿಯುತ್ತಿದ್ದೆ, ಅದಿರಬಹುದು.

ನೀರುಕೋಳಿ
ಎಲ್ಲರೂ ವೇಗದ ಬಗ್ಗೆ ಮಾತಾಡ್ತೀರ, ನಿಲ್ಲಿಸುವ ಬಗ್ಗೆ ಒಬ್ಬರೂ ಇಲ್ಲ. ಕ್ಲಚ್ ಇಲ್ಲದ ಉದ್ದ ಬಾಲದಲ್ಲಿ ಎಂಜಿನ್ ಓಡುತ್ತಿದ್ದರೆ ಪ್ರೊಪೆಲ್ಲರ್ ತಿರುಗುತ್ತಲೇ ಇರುತ್ತದೆ. ಬಾಲ ನೀರಿಂದ ಮೇಲೆತ್ತಿದಾಗಲೂ. ಅದೂ ಒಂದು ಆಳುದ್ದ ದೂರದಲ್ಲಿ, ಪಕ್ಕಕ್ಕೆ ಬೀಸುವ ಹಾಗೆ. ಹಗ್ಗದಿಂದ ಕೈಗೆ ಕಟ್ಟಿಕೊಳ್ಳುವ ಕಿಲ್ ಸ್ವಿಚ್ (ಹಗ್ಗ ಕಿತ್ತುಬಂದರೆ ಎಂಜಿನ್ ನಿಲ್ಲಿಸುವ ಸ್ವಿಚ್) ಇಲ್ಲದೆ ನೀರಿಗೆ ಇಳಿಸಬೇಡಿ. ನೀವು ಜಾರಿ ಬಿದ್ದರೆ ಹ್ಯಾಂಡಲ್ ತಾನಾಗಿ ಒಂದು ಕಡೆ ಹೊರಳಿ, ದೋಣಿ ಸುತ್ತು ಹೊಡೆದು ನಿಮ್ಮ ಹತ್ತಿರವೇ ಬರುತ್ತದೆ.

ನಟ್ಟು_ಬೋಲ್ಟು
ಮುಖ್ಯವಾದ ಮಾತು. ಯಾವ ಸ್ವಿಚ್ ಅಂತ ಆಯ್ಕೆ ಮಾಡುವಾಗ ಹುಷಾರು. ಈ ಎಂಜಿನ್ ನಿಲ್ಲುವುದು ಕಾಯಿಲ್‌ನ ತಂತಿ ಎಂಜಿನ್ ಬಾಡಿಗೆ ತಾಗಿದಾಗ. ಅಂದರೆ ಹಗ್ಗ ಕಿತ್ತುಬಂದಾಗ ಸ್ವಿಚ್ ಒಳಗೆ ಸಂಪರ್ಕ ಸೇರಬೇಕು, ಬಿಡಬಾರದು. ಮನೆ ಲೈಟಿನ ಲೆಕ್ಕದಲ್ಲಿ ಉಲ್ಟಾ ಜೋಡಿಸಿ, ನಿಲ್ಲುತ್ತೆ ಅಂತ ನಂಬಿಕೊಂಡು ಹೋದವರಿದ್ದಾರೆ. ದಡದಲ್ಲೇ ಹತ್ತು ಸಲ ಎಳೆದು ನೋಡಿ. ಲೈಫ್ ಜಾಕೆಟ್ ಹಾಕಿಕೊಳ್ಳಿ.

ಕೆಸರು_ಕಾಲು
ಆರು ವಾರ ಆಯಿತು, ಎಲ್ಲರಿಗೂ ವರದಿ ಒಪ್ಪಿಸಬೇಕಲ್ಲ.

1.8 ಮೀಟರ್ ಶಾಫ್ಟ್, ಮಧ್ಯೆ ಎರಡು ಅಸಿಟಲ್ ಬುಶ್, ಕೆಳಗೆ ಕಂಚು. ಎಡಗೈ ಪ್ರೊಪೆಲ್ಲರ್ ಹುಡುಕುವುದೇ ಮೂರು ವಾರ ತಿಂದಿತು. ಪ್ರೊಪೆಲ್ಲರ್ ಕೆಳಗೆ ಒಂದು ದಪ್ಪ ಪಟ್ಟಿ ಬೆಸೆದಿದ್ದೇನೆ, ಕಲ್ಲು ತಾಗಿದರೆ ಅದಕ್ಕೇ ತಾಗಲಿ ಅಂತ. ಪೈಪ್ ಮೊದಲ ಸಲ ಬಾಗಿತು (ಲೇತ್_ಹುಡುಗ, ನಗಬೇಡಿ), ಇನ್ನೊಂದು ತಂದೆ.

ನಿನ್ನೆ ನೀರಿಗೆ ಇಳಿಸಿದೆ. ಮುಂದಕ್ಕೇ ಹೋಯಿತು! ಜೊಂಡಿನ ಮಧ್ಯೆ, ಒಂದಡಿ ನೀರಲ್ಲಿ, ಕೆಸರು ಎರಚಿಕೊಂಡು. ಇಬ್ಬರಿದ್ದೆವು, ಗಂಟೆಗೆ 9 ಕಿ.ಮೀ. ಮೇಷ್ಟ್ರ ಗೋಡೆ ನಿಜವಾಗಲೂ ಇದೆ.

ಎರಡು ತೊಂದರೆ. ಹ್ಯಾಂಡಲ್ ಸದಾ ಒಂದೇ ಕಡೆಗೆ ಎಳೆಯುತ್ತದೆ, ತೋಳು ನೋವು. ಇನ್ನೊಂದು, ಕಳೆ ದಾಟಿಸಲು ಬಾಲ ಎತ್ತಿ ಹಿಡಿದರೆ ಎಂಜಿನ್ ತಾನಾಗೇ ನಿಂತುಹೋಗುತ್ತದೆ.

ಹುಲ್ಲು_ಕತ್ತರಿ
ಎಂಜಿನ್ ಕೆಳಗೆ ಒಂದು ಬೆಣೆ ಹಾಕಿ, ಮಟ್ಟ ಮಾಡಿಬಿಡಿ.

ಲೇತ್_ಹುಡುಗ
ಬೆಣೆ ಹಾಕಿದರೆ ಕ್ರ್ಯಾಂಕ್ ಒಂದು ಕಡೆ, ಶಾಫ್ಟ್ ಒಂದು ಕಡೆ ನೋಡುತ್ತದೆ. ರಬ್ಬರ್ ಕಪ್ಲಿಂಗ್ ಅಷ್ಟು ಓರೆ ತಡೆಯಲ್ಲ, ಒಂದೇ ದಿನಕ್ಕೆ ಪುಡಿ.

ನಟ್ಟು_ಬೋಲ್ಟು
ನಿಲ್ಲಿಸುತ್ತಿರುವುದು ಆಯಿಲ್ ಸೆನ್ಸರ್. ಬಾಲ ಎತ್ತಿದಾಗ ಆಯಿಲ್ ಒಂದು ಕಡೆ ಸರಿದು, ಆಯಿಲ್ಲೇ ಇಲ್ಲ ಅಂದುಕೊಳ್ಳುತ್ತದೆ. ಮೊದಲು ಎಂಜಿನ್ ಮಟ್ಟಸ ಇಟ್ಟು ಆಯಿಲ್ ಪೂರ್ತಿ ಇದೆಯಾ ನೋಡಿ. ಇದ್ದೂ ನಿಂತರೆ ಬಾಲ ಅಷ್ಟು ಎತ್ತದ ಹಾಗೆ ಗೂಟಕ್ಕೆ ಒಂದು ತಡೆ ಬೆಸೆಯಿರಿ. ಪ್ರೊಪೆಲ್ಲರ್ ನೀರಿಂದ ಒಂದು ಗೇಣು ಮೇಲೆ ಬಂದರೆ ಸಾಕಲ್ಲ. ಸೆನ್ಸರ್ ತಂತಿ ಕಿತ್ತುಹಾಕಿ ಅಂತ ಯಾರಾದರೂ ಹೇಳ್ತಾರೆ, ಕೇಳಬೇಡಿ.

ಹರಿಗೋಲು
ನಾನು ಅದನ್ನೇ ಹೇಳೋಕೆ ಬಂದಿದ್ದೆ 😄 ಕಿತ್ತುಹಾಕಿದ್ದೆ. ಎಂಜಿನ್ ಕೂಡ ಆಮೇಲೆ ಕಿತ್ತುಹಾಕಿದೆ.

ಹಳೇ_ಅಂಬಿಗ
ಹ್ಯಾಂಡಲ್ ಎಳೆತಕ್ಕೆ: ಕೆಳಗೆ ಬೆಸೆದ ಆ ಪಟ್ಟಿ ಇದೆಯಲ್ಲ, ಅದರ ಹಿಂದಿನ ಅಂಚನ್ನು ಒಂದು ಕಡೆಗೆ ಸ್ವಲ್ಪವೇ ಬಗ್ಗಿಸಿ. ಹ್ಯಾಂಡಲ್ ನಿಮ್ಮನ್ನು ಯಾವ ಕಡೆ ಎಳೆಯುತ್ತದೋ ನೋಡಿ, ಒಂದೆರಡು ಸಲ ಆಚೆ ಈಚೆ ಬಗ್ಗಿಸಿದರೆ ಗೊತ್ತಾಗುತ್ತದೆ. ಒಂದೇ ಸಲ ಜಾಸ್ತಿ ಬಗ್ಗಿಸಬೇಡಿ.

ಕೆಸರು_ಕಾಲು
ಆಯಿಲ್ ಅರ್ಧಕ್ಕಿಂತ ಕೆಳಗಿತ್ತು! ತುಂಬಿಸಿ, ತಡೆಯನ್ನೂ ಬೆಸೆದೆ. ಈಗ ಬಾಲ ಎತ್ತಿದರೂ ನಿಲ್ಲುತ್ತಿಲ್ಲ. ಪಟ್ಟಿ ಸ್ವಲ್ಪ ಬಗ್ಗಿಸಿದೆ, ಒಂದು ಕೈಯಲ್ಲಿ ಹಿಡಿಯಬಹುದು. ಇನ್ನು ಉಳಿದಿರುವುದು ಶಬ್ದ. ದಡದಲ್ಲಿರುವವರು ಕಿವಿ ಮುಚ್ಚಿಕೊಂಡು ಬೈತಾರೆ.

ಬ್ಯಾಟರಿ_ಪ್ರಿಯ
ನಾನೇನೂ ಹೇಳಲ್ಲ.

ನಟ್ಟು_ಬೋಲ್ಟು
ಸೈಲೆನ್ಸರ್‌ಗೆ ಬೇರೆ ಚರ್ಚೆ ಶುರು ಮಾಡಿ, ಅದು ಇದಕ್ಕಿಂತ ಉದ್ದ ಆಗುತ್ತೆ. ಅಷ್ಟರಲ್ಲಿ ಆ ಆಯಿಲ್ ಎಲ್ಲಿ ಹೋಯಿತು ಅಂತ ಕ್ರ್ಯಾಂಕ್ ಸೀಲ್ ಹತ್ತಿರ ಒಮ್ಮೆ ಒರೆಸಿ ನೋಡಿ.